ಕಾಗೋಡಿಗೆ 75 ವರ್ಷ: ನಾಟಕ ಶುರುವಾಗಬೇಕಾದದ್ದು ಕೊಳಗದಿಂದಲೋ, ಲೋಹಿಯಾ ಅವರಿಂದಲೋ?

ಕಣದ ಧೂಳು

ಎಲ್ಲರಿಗೂ ನಮಸ್ಕಾರ. ಒಡೆಯರ ಗದ್ದೆಯಲ್ಲಿ ಬೇಸಾಯ ಮಾಡಿ ಭತ್ತದಲ್ಲಿ ಗೇಣಿ ಕೊಡುತ್ತಿದ್ದ ಒಕ್ಕಲುಗಳು 1951ರಲ್ಲಿ ಒಡೆಯರ ಎದುರು ನಡೆಸಿದ ಕಾಗೋಡು ಸತ್ಯಾಗ್ರಹಕ್ಕೆ ಈ ಏಪ್ರಿಲ್ 18ಕ್ಕೆ 75 ವರ್ಷ ತುಂಬುತ್ತದೆ. ನಮ್ಮ ಕಡೆಯ ಏಳೆಂಟು ಹುಡುಗರು, ಹುಡುಗಿಯರು ಸೇರಿ ಒಂದು ಬೀದಿ ನಾಟಕ ಮಾಡಲು ಹೊರಟಿದ್ದೇವೆ. ಎಲ್ಲರೂ ಸಾಗರ ತಾಲ್ಲೂಕಿನವರೇ. ಅರ್ಧ ಜನ ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇವೆ. ಮುಕ್ಕಾಲು ಗಂಟೆಯ ನಾಟಕ. ಆದರೆ ಮೊದಲ ದೃಶ್ಯಕ್ಕೇ ಜಗಳ ಬಿದ್ದು ಎರಡು ವಾರ ಆಯಿತು.

ಒಬ್ಬರು ಹೇಳುತ್ತಾರೆ, 1951ರ ಜೂನ್‌ನಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೆ ಒಳಗಾದದ್ದರಿಂದ ಶುರು ಮಾಡೋಣ, ಆ ಹೆಸರು ಜನರಿಗೆ ಗೊತ್ತಿದೆ. ಇನ್ನೊಬ್ಬರು ಹೇಳುತ್ತಾರೆ, 2020ರ ಭೂ ಸುಧಾರಣೆ ತಿದ್ದುಪಡಿಯಿಂದ ಶುರು ಮಾಡಿ ಹಿಂದಕ್ಕೆ ಹೋಗೋಣ, ಇಲ್ಲದಿದ್ದರೆ ಈಗಿನ ಹುಡುಗರು ಯಾಕೆ ನಿಂತು ನೋಡುತ್ತಾರೆ?

ನನ್ನ ಮನಸ್ಸಿನಲ್ಲಿ ಇರುವುದು ಒಂದು ಕೊಳಗ, ಭತ್ತ ಅಳೆಯುವ ಪಾತ್ರೆ. ನಮ್ಮ ಅಜ್ಜಿಗೆ ಈಗ 86. ಆಗ ಹನ್ನೊಂದರ ಹುಡುಗಿ. ಕಾಗೋಡಿನವಳಲ್ಲ, ಪಕ್ಕದ ಊರಿನ ಒಕ್ಕಲು ಮನೆಯವಳು. ಹೋದ ದೀಪಾವಳಿಗೆ ಅಟ್ಟದಿಂದ ಹಳೇ ಕೊಳಗ ಇಳಿಸಿದೆವು. ಮರದ್ದು, ಕಬ್ಬಿಣದ ಪಟ್ಟಿ ಸುತ್ತಿದ್ದು, ಅಂಚು ಸವೆದು ನುಣುಪಾಗಿದೆ. ಅಜ್ಜಿ ಅದರ ಬಾಯಿಯ ಮೇಲೆ ಅಂಗೈ ಇಟ್ಟು ಹೇಳಿದಳು: "ಇದು ನಮ್ಮನೇದು. ಒಡೇರ ಮನೆ ಕೊಳಗ ಇದಲ್ಲ. ಅದು ದೊಡ್ಡದು. ಗೇಣಿ ತಗಳಕ್ಕೆ ಒಂದು ಕೊಳಗ, ನಮಗೆ ಕೊಡಕ್ಕೆ ಇನ್ನೊಂದು ಕೊಳಗ." ತಲೆ ಕಟ್ಟಿ ಸುರಿಯಬೇಕಿತ್ತಂತೆ, ಸವರಿ ಸಮ ಮಾಡುವ ಹಾಗಿರಲಿಲ್ಲವಂತೆ. ಲೋಹಿಯಾ ಹೆಸರು ಅವಳ ಬಾಯಲ್ಲಿ ಬರಲೇ ಇಲ್ಲ. 'ಭೂಮಿ ಹಕ್ಕು' ಅನ್ನೋ ಮಾತೂ ಬರಲಿಲ್ಲ. ಬಂದದ್ದು ಅಳತೆ, ಮತ್ತೆ ಬಟ್ಟೆ. ದೀವರ ಜಾತಿಯ ಗಂಡಸರಾಗಲಿ ಹೆಂಗಸರಾಗಲಿ, ಉಟ್ಟ ಬಟ್ಟೆ ಮೊಣಕಾಲಿನ ಕೆಳಗೆ ಇಳಿಯಬಾರದು ಅನ್ನುವ ಕಟ್ಟಳೆ.

ವೇದಿಕೆ ಮೇಲೆ ಈಗ ನಾವು ಕಾಗೋಡು ಅಂದರೆ 'ಉಳುವವನೇ ಹೊಲದೊಡೆಯ' ಅಂತ ಒಂದೇ ಮಾತಿಗೆ ಕಟ್ಟಿಹಾಕುತ್ತೇವೆ. ಅಜ್ಜಿಯ ಕೊಳಗ, ಬಟ್ಟೆ ಎರಡೂ ಎಲ್ಲಿ ಹೋದವು? ಯಾವಾಗ ಬಿಟ್ಟುಹೋದವು? ಗೊತ್ತಿರುವವರು ಹೇಳಿ. ನಾಟಕಕ್ಕಷ್ಟೇ ಅಲ್ಲ, ನನಗೇ ಇದು ಬಗೆಹರಿಯಬೇಕು.

ಹಳೇ ಮೇಷ್ಟ್ರು

ಒಳ್ಳೆ ಪ್ರಶ್ನೆ ಎತ್ತಿದ್ದೀರಿ ತಮ್ಮಾ. ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿದವನು ನಾನು. ಕಾಗೋಡು ನಮ್ಮ ಪಠ್ಯದಲ್ಲಿ ಹೆಚ್ಚೆಂದರೆ ಒಂದು ಪ್ಯಾರಾ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಮೊದಲು ಎಚ್. ಗಣಪತಿಯಪ್ಪನವರು ಕಟ್ಟಿದ ಸಾಗರ ತಾಲ್ಲೂಕಿನ ರೈತ ಸಂಘ. ಅದು ಗೇಣಿದಾರರಿಗೆ ಹೇಳಿಕೊಟ್ಟ ಮೊದಲ ಪಾಠ ಅಳತೆಯದ್ದೇ. ಸರಿಯಾದ ಕೊಳಗದಲ್ಲಿ ಅಳೆಯುತ್ತೇವೆ, ಬಿಟ್ಟಿ ಚಾಕರಿ ಮಾಡುವುದಿಲ್ಲ ಅಂತ ಒಕ್ಕಲುಗಳು ಸೆಟೆದು ನಿಂತರು. ಒಡೆಯರು ಗದ್ದೆಗೆ ಇಳಿಯಬೇಡಿ ಅಂದರು. 1951ರ ಏಪ್ರಿಲ್ 18ರಂದು ರೈತರು ನೇಗಿಲು ಹೊತ್ತು ಗದ್ದೆಗೆ ಇಳಿದರು. ಬಂಧನ ಶುರುವಾಯಿತು. ಆಮೇಲೆ ಸಮಾಜವಾದಿ ಪಕ್ಷ ಜೊತೆಗೆ ನಿಂತಿತು, ಶಾಂತವೇರಿ ಗೋಪಾಲಗೌಡರು ಬಂದರು, ಜೂನ್‌ನಲ್ಲಿ ಲೋಹಿಯಾ ಬಂದರು. ದೇಶಕ್ಕೆ ಕಾಗೋಡು ಎಂಬ ಹೆಸರು ಗೊತ್ತಾದದ್ದು ಆಗ. ಅಷ್ಟರ ಮಟ್ಟಿಗೆ ಲೋಹಿಯಾ ಅವರಿಂದ ಶುರು ಮಾಡೋಣ ಅನ್ನುವವರ ಮಾತೂ ಸುಳ್ಳಲ್ಲ.

ಆದರೆ ಯಾರೂ ವೇದಿಕೆ ಮೇಲೆ ಹೇಳದ ಒಂದು ಸಂಗತಿ ಇದೆ. ಆ ವರ್ಷ ಸತ್ಯಾಗ್ರಹಿಗಳಿಗೆ ಗದ್ದೆ ಸಿಗಲಿಲ್ಲ. ಜೈಲಿಗೆ ಹೋದರು, ಬೇಸಾಯ ಬಿಟ್ಟುಹೋಯಿತು. 1952ರಲ್ಲಿ ಗೋಪಾಲಗೌಡರು ಶಾಸಕರಾಗಿ ಗೆದ್ದರು, ಅದು ದೊಡ್ಡ ಮಾತು. ಆದರೂ ಗೇಣಿ ಪದ್ಧತಿ ನಿಜವಾಗಿ ಮುರಿದುಬಿದ್ದದ್ದು ದೇವರಾಜ ಅರಸರ ಕಾಲದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ. ಮಧ್ಯೆ 23 ವರ್ಷ. ಆ 23 ವರ್ಷ ಕಾಗೋಡು ಅಂದರೆ ಸೋತ ಹೋರಾಟ. ಗೋಪಾಲಗೌಡರು 1972ರಲ್ಲೇ ತೀರಿಕೊಂಡರು. ಕಾನೂನು ಬಂದದ್ದನ್ನು ಅವರು ನೋಡಲಿಲ್ಲ.

1974ರ ಮೇಲೆ ಕಥೆಯನ್ನು ಹಿಂದಿನಿಂದ ಹೇಳುವುದು ರೂಢಿಯಾಯಿತು. ಕಾಗೋಡು ಬಿತ್ತನೆ, ಅರಸರ ಕಾನೂನು ಫಸಲು. ಬಿತ್ತನೆಗೂ ಫಸಲಿಗೂ ಸಂಬಂಧ ಖಂಡಿತ ಇದೆ. ಆದರೆ ಹಾಗೆ ಹೇಳಿದ ಕೂಡಲೇ ಕೊಳಗ, ಬಟ್ಟೆ, ಬಿಟ್ಟಿ ಎಲ್ಲ ಹಿಂದೆ ಸರಿದವು. ಭೂಮಿ ಒಂದೇ ಮುಂದೆ ಬಂತು, ಯಾಕೆಂದರೆ ಕಾನೂನು ಕೊಟ್ಟದ್ದು ಭೂಮಿಯನ್ನು. ನಿಮ್ಮ 'ಯಾವಾಗ ಬಿಟ್ಟುಹೋದವು' ಅನ್ನುವ ಪ್ರಶ್ನೆಗೆ ನನ್ನ ಉತ್ತರ ಇದು.

ಒಂದು ವಿಷಯದಲ್ಲಿ ಮಾತ್ರ ನಿಮ್ಮನ್ನು ಒಪ್ಪುವುದಿಲ್ಲ. ಭೂಮಿಯ ಮಾತನ್ನು ಸಣ್ಣದು ಮಾಡಬೇಡಿ. ನಮ್ಮ ಅಪ್ಪ ಡಿಕ್ಲರೇಷನ್ ಹಾಕಲು ಹೊರಟ ದಿನ ನನಗೆ ಚೆನ್ನಾಗಿ ನೆನಪಿದೆ. ಗೇಣಿ ಗದ್ದೆಯ ಹಕ್ಕು ಕೇಳುವ ಏಳನೇ ನಮೂನೆ ಅರ್ಜಿ. ನಾನೇ ತುಂಬಿಕೊಟ್ಟೆ. ಅಪ್ಪ ಹೆಬ್ಬೆಟ್ಟು ಒತ್ತುವ ಮುಂಚೆ ಎರಡು ಸಲ ಎದ್ದು ಹೊರಗೆ ಹೋಗಿ ಬಂದರು. ಒಡೆಯರ ಮನೆ ಅಂಗಳದಲ್ಲಿ ಕೈಕಟ್ಟಿ ನಿಂತು ಬೆಳೆದ ಮನುಷ್ಯ, ಅವರ ಎದುರೇ ಭೂ ನ್ಯಾಯಮಂಡಳಿಯಲ್ಲಿ "ಈ ಗದ್ದೆ ಉಳುವವನು ನಾನು" ಅನ್ನಬೇಕಿತ್ತು. ಮೊದಮೊದಲು ಅಲ್ಲಿ ವಕೀಲರನ್ನೂ ಬಿಡುತ್ತಿರಲಿಲ್ಲ. ಒಡೆಯರು, ಒಕ್ಕಲು ಇಬ್ಬರೂ ತಮ್ಮ ಬಾಯಿಂದಲೇ ಮಾತಾಡಬೇಕು. ಅಪ್ಪ ಅವತ್ತು ಪಂಚೆಯನ್ನು ಪಾದದವರೆಗೆ ಇಳಿಬಿಟ್ಟುಕೊಂಡು ಹೋದರು. ಹಾಗಾಗಿ ಭೂಮಿ ಬೇರೆ, ಬಟ್ಟೆ ಬೇರೆ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ಮಲಪ್ರಭಾ ದಂಡೆ

ಮೇಷ್ಟ್ರ ಮಾತು ಓದಿ ಕಣ್ಣು ತುಂಬಿತು. ನಾನು ನರಗುಂದದ ಕಡೆಯವನು. ನಮ್ಮ ಊರಿನ ಕಥೆಯನ್ನೂ ಇದರ ಪಕ್ಕದಲ್ಲಿ ಇಟ್ಟು ನೋಡಿ.

ನಮ್ಮಲ್ಲಿ 'ನರಗುಂದ ಬಂಡಾಯ' ಅಂದರೆ ಎರಡು. ಒಂದು 1858ರದ್ದು. ನರಗುಂದದ ಸಂಸ್ಥಾನಿಕ ಬಾಬಾಸಾಹೇಬನಿಗೆ ದತ್ತು ತಗೊಳ್ಳಲು ಬ್ರಿಟಿಷರು ಒಪ್ಪಲಿಲ್ಲ. ಸುರೇಬಾನದಲ್ಲಿ ಮ್ಯಾನ್ಸನ್ ಎಂಬ ಅಧಿಕಾರಿಯ ತಲೆ ಉರುಳಿತು, ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೆ ಹಾಕಿದರು. ಇನ್ನೊಂದು 1980ರದ್ದು. ಮಲಪ್ರಭಾ ಅಚ್ಚುಕಟ್ಟಿನಲ್ಲಿ ಸರ್ಕಾರ ಬೆಟರ್‌ಮೆಂಟ್ ಲೆವಿ ಹೇರಿತು, ಅಂದರೆ ನೀರಾವರಿಯಿಂದ ಜಮೀನಿನ ಬೆಲೆ ಏರಿತು ಅಂತ ಹಾಕುವ ಕರ. ಜುಲೈ 21ರಂದು ಗೋಲಿಬಾರ್ ಆಯಿತು. ನರಗುಂದದಲ್ಲಿ ವೀರಪ್ಪ ಕಡ್ಲಿಕೊಪ್ಪ, ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ ಪ್ರಾಣ ಬಿಟ್ಟರು.

ಮೊದಲನೆಯದು ಒಬ್ಬ ಸಂಸ್ಥಾನಿಕನ ಜಗಳ. ಎರಡನೆಯದು ರೈತರದ್ದು. ನಿಜ ಹೇಳಬೇಕೆಂದರೆ ಎರಡಕ್ಕೂ ಕಾರಣದಲ್ಲಿ ಸಂಬಂಧ ಇಲ್ಲ. ಆದರೂ ಹೆಸರು ಒಂದೇ. ಸಣ್ಣವನಿದ್ದಾಗ ನನಗೆ ಎರಡೂ ಕಲಸಿಹೋಗಿ, ಬಾಬಾಸಾಹೇಬನೇ ರೈತರ ಕರ ವಿರೋಧಿಸಿದ ಅಂದುಕೊಂಡಿದ್ದೆ. ತಪ್ಪು ತಿಳುವಳಿಕೆ ಹೌದು. ಆದರೆ ಆ ಹೆಸರು ನಮ್ಮ ಅಪ್ಪನ ಓರಗೆಯವರಿಗೆ ಕೊಟ್ಟ ಬಲ ಸಣ್ಣದಲ್ಲ. 'ನಮ್ಮೂರು ಬಗ್ಗೋ ಊರಲ್ಲ' ಅನ್ನೋ ಧೈರ್ಯ ಅದರಿಂದ ಬಂತು. ಪ್ರತಿ ಜುಲೈ 21ಕ್ಕೆ ವೀರಗಲ್ಲಿಗೆ ಹಾರ ಹಾಕಲು ರಾಜ್ಯದ ಎಲ್ಲ ಕಡೆಯಿಂದ ಹಸಿರು ಶಾಲಿನವರು ಬರುತ್ತಾರೆ. ಒಂದೇ ಬೇಸರ. ಯಾವ್ಯಾವ ಪಕ್ಷದವರೋ ಬಂದು ಹಾರ ಹಾಕುತ್ತಾರೆ, ಬೆಳೆಗೆ ಬೆಲೆ ಕೇಳಿದರೆ ಅವರೇ ಮುಖ ತಿರುಗಿಸುತ್ತಾರೆ.

ಹಸಿರು ಟವೆಲ್

1980ರ ಮಾತು ಬಂದದ್ದಕ್ಕೆ ಒಂದು ಸೇರಿಸುತ್ತೇನೆ. ಕರ್ನಾಟಕ ರಾಜ್ಯ ರೈತ ಸಂಘ ಶಿವಮೊಗ್ಗದಲ್ಲಿ ಹುಟ್ಟಿತು. ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಕಡಿದಾಳು ಶಾಮಣ್ಣ, ಎಂ.ಡಿ. ನಂಜುಂಡಸ್ವಾಮಿ. ಇವರಲ್ಲಿ ಸಮಾಜವಾದಿ ಗರಡಿಯಿಂದ ಬಂದವರಿದ್ದರು. ಹಾಗಾಗಿ ನಮ್ಮ ಸಭೆಗಳಲ್ಲಿ ಕಾಗೋಡಿನ ಹೆಸರು ಬಂದೇ ಬರುತ್ತಿತ್ತು. ಆದರೆ ಅಷ್ಟು ಹೊತ್ತಿಗೆ ಎದುರಿಗಿದ್ದವರು ಬದಲಾಗಿದ್ದರು. 1951ರಲ್ಲಿ ಒಕ್ಕಲಿನ ಎದುರು ಒಡೆಯ. 1980ರಲ್ಲಿ ಹಳ್ಳಿಯ ಎದುರು ಸರ್ಕಾರ. ಕೈಬರಹದ ಬೋರ್ಡ್ ಹಾಕುತ್ತಿದ್ದೆವು, ಅಪ್ಪಣೆ ಇಲ್ಲದೆ ಸಾಲ ವಸೂಲಿಗೆ ಅಧಿಕಾರಿಗಳು ಊರೊಳಗೆ ಬರಬಾರದು ಅಂತ. 1992ರಲ್ಲಿ ಬೆಂಗಳೂರಿನ ಕಾರ್ಗಿಲ್ ಕಚೇರಿಗೆ ನುಗ್ಗಿದಾಗ, 1993ರಲ್ಲಿ ಬಳ್ಳಾರಿಯ ಘಟಕಕ್ಕೆ ಹೋದಾಗ, ಎದುರಿಗಿದ್ದದ್ದು ಬೀಜದ ಕಂಪನಿ. ಆಗಲೂ 'ಬೀಜ ಸತ್ಯಾಗ್ರಹ' ಅಂದೆವು. ಸತ್ಯಾಗ್ರಹ ಅನ್ನುವ ಮಾತನ್ನು ಬಿಡಲಿಲ್ಲ.

ಹಳೇ ಹೋರಾಟವನ್ನು ಹೊಸ ಎದುರಾಳಿಗೆ ತಿರುಗಿಸುವುದು ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ನೇಗಿಲು ಅದೇ, ಹೊಲ ಬೇರೆ.

ನೀಲಿ ಶಾಯಿ

ಹಿರಿಯರ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ. "ಹಳ್ಳಿಯ ಎದುರು ಸರ್ಕಾರ" ಅಂದಾಗ ಹಳ್ಳಿ ಅಂದರೆ ಯಾರು? ನಮ್ಮ ಕೇರಿ ಆ ಹಳ್ಳಿಯ ಒಳಗಿತ್ತೋ ಹೊರಗಿತ್ತೋ?

ನಮ್ಮ ತಾತ ಭದ್ರಾವತಿ ಕಡೆಯವರು. ಗೇಣಿದಾರ ಅಲ್ಲ. ಗೇಣಿದಾರನ ಗದ್ದೆಯಲ್ಲಿ ಜೀತಕ್ಕಿದ್ದವರು. 'ಉಳುವವನೇ ಹೊಲದೊಡೆಯ' ಅಂತ ಗೋಡೆ ಮೇಲೆ ಬರೆದಾಗ ತಾತ ಖುಷಿಪಟ್ಟರಂತೆ. ನೇಗಿಲು ಹಿಡಿಯುತ್ತಿದ್ದವರು ಅವರೇ ಅಲ್ವಾ? ಕಾನೂನು ಕೇಳಿದ್ದು ಬೇರೆ. ಗೇಣಿ ಕೊಡುತ್ತಿದ್ದವನು ಯಾರು, ಪಹಣಿಯಲ್ಲಿ ಯಾರ ಹೆಸರಿದೆ, ಸಾಕ್ಷಿ ಯಾರು ಹೇಳುತ್ತಾರೆ. ನಿಜವಾಗಿ ಉಳುತ್ತಿದ್ದವನಿಗೆ ಹೆಚ್ಚೆಂದರೆ ಮನೆ ಅಡಿಯ ಜಾಗ. ಗದ್ದೆ ಗೇಣಿದಾರನಿಗೆ ಹೋಯಿತು. ಆತನ ಕಷ್ಟವನ್ನು ನಾನು ಅಲ್ಲಗಳೆಯುವುದಿಲ್ಲ. ಮೇಷ್ಟ್ರ ಅಪ್ಪನ ಪಂಚೆಯ ಮಾತು ನನ್ನನ್ನೂ ತಟ್ಟಿತು. ಆದರೆ ನಮ್ಮ ತಾತನಿಗೆ ಅಂಥ ಒಂದು ದಿನ ಬರಲೇ ಇಲ್ಲ.

ಅದಕ್ಕೇ ಎಪ್ಪತ್ತರ ದಶಕದಲ್ಲಿ ಬಿ. ಕೃಷ್ಣಪ್ಪನವರು, ಅವರ ಜೊತೆಗಾರರು ದಲಿತ ಸಂಘರ್ಷ ಸಮಿತಿ ಕಟ್ಟಿ ಭೂಮಿಯ ಪ್ರಶ್ನೆಯನ್ನು ಮತ್ತೆ ಮೊದಲಿನಿಂದ ಕೇಳಬೇಕಾಯಿತು. ಸಿದ್ಲೀಪುರ, ನಾಗಸಂದ್ರ ಭೂಹೋರಾಟಗಳನ್ನು ಎಷ್ಟು ಜನ ಕಾಗೋಡಿನ ಸಾಲಿನಲ್ಲಿ ಹೆಸರಿಸುತ್ತೀರಿ?

ಕಣದ ಧೂಳು ಅವರೇ, ನಿಮ್ಮ ಅಜ್ಜಿ ಬಟ್ಟೆಯ ಮಾತು ಎತ್ತಿದರಲ್ಲ, ನನಗೆ ಕಾಗೋಡು ಹತ್ತಿರವಾಗುವುದು ಅಲ್ಲಿ, ಗೇಣಿಯಲ್ಲಿ ಅಲ್ಲ. 1986ರಲ್ಲಿ ನಿಮ್ಮ ಪಕ್ಕದ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ತಡೆಯಲು ನಮ್ಮವರು ಹೋದರು. ಅವರ ಮೇಲೆ ಹಲ್ಲೆಯಾಯಿತು, ಪೊಲೀಸರನ್ನೂ ಬಿಡಲಿಲ್ಲ. ಆಮೇಲೆ ಸರ್ಕಾರ ಅದನ್ನು ನಿಷೇಧಿಸಿತು. ಕಾಗೋಡಾಗಿ 35 ವರ್ಷ, ಅದೇ ಜಿಲ್ಲೆ, ಮತ್ತೆ ಮೈಮೇಲಿನ ಬಟ್ಟೆಯದ್ದೇ ಪ್ರಶ್ನೆ. ಬಡವರ ಮೈ ಎಷ್ಟು ಮುಚ್ಚಬೇಕು, ಎಷ್ಟು ತೆರೆಯಬೇಕು ಅಂತ ಇನ್ನೊಬ್ಬರು ತೀರ್ಮಾನ ಮಾಡುವುದು. ಈ ಎಳೆ ಹಿಡಿದು ಯಾರಾದರೂ ನಾಟಕ ಮಾಡಿದರೆ ನಾನು ರಜೆ ಹಾಕಿ ಬರುತ್ತೇನೆ.

ಹಸೆ ಗೋಡೆ

ನೀಲಿ ಶಾಯಿ ಅಣ್ಣ ಹೇಳಿದ್ದು ನೂರಕ್ಕೆ ನೂರು. ಇನ್ನೂ ಒಂದು ಕೇಳಬೇಕು. ಹೆಂಗಸರು ಎಲ್ಲಿ?

ನಾನು ದೀವರ ಮನೆಯವಳು. ಕಾಗೋಡಿನ ಬಗ್ಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ಗಂಡಸರ ಹೆಸರು ಸಾಲಾಗಿ ಬರುತ್ತವೆ. ಹೆಂಗಸರಿಗೆ ಸಿಗುವುದು "ಮಹಿಳೆಯರೂ ಭಾಗವಹಿಸಿದ್ದರು" ಅನ್ನುವ ಒಂದು ಸಾಲು. ಊರ ಗಂಡಸರು ಜೈಲಿನಲ್ಲಿದ್ದಾಗ ಒಲೆ ಹಚ್ಚಿದವರು ಯಾರು? ಬೇಸಾಯ ಇಲ್ಲದ ವರ್ಷ ಮಕ್ಕಳಿಗೆ ಗಂಜಿ ಎಲ್ಲಿಂದ ತಂದರು? ಈ ಪ್ರಶ್ನೆ ಯಾರೂ ಕೇಳಿ ಬರೆದಿಟ್ಟ ಹಾಗೆ ಕಾಣುವುದಿಲ್ಲ. ಕೇಳಬಹುದಾದವರು ಒಬ್ಬೊಬ್ಬರೇ ಹೋಗುತ್ತಿದ್ದಾರೆ. ನಿಮ್ಮ ಅಜ್ಜಿ ಇದ್ದಾರೆ. ದಯವಿಟ್ಟು ಕೂತು ಕೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ. ನಾಟಕ ಆಮೇಲೆ.

ಭೂಮಿ ಹುಣ್ಣಿಮೆಗೆ ನಮ್ಮಲ್ಲಿ ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುವುದು ಹೆಂಗಸರು. ಆ ಬುಟ್ಟಿಯಲ್ಲಿ ಚರಗ, ಅಂದರೆ ಭೂಮಿಗೆ ಬೀರುವ ಎಡೆ, ಹೊತ್ತು ಬೆಳಗಿನ ಜಾವ ಗದ್ದೆಗೆ ಹೋಗುತ್ತಾರೆ. ಬಸುರಿ ಬಯಕೆ ತೀರಿಸುವ ಹಾಗೆ ತೆನೆ ಹೊತ್ತ ಭೂಮಿಗೆ ಉಣಿಸುತ್ತಾರೆ. ನನ್ನ ಮುತ್ತಜ್ಜಿ ಹಾಗೆ ಉಣಿಸಿದ ಗದ್ದೆ ಅವಳದ್ದಾಗಿರಲಿಲ್ಲ, ಯಾವ ವರ್ಷ ಬೇಕಾದರೂ ಬಿಡಿಸಿಕೊಳ್ಳಬಹುದಾಗಿತ್ತು. ಇದನ್ನು ನೆನೆಸಿಕೊಂಡರೆ ನನಗೆ ಈಗಲೂ ಗಂಟಲು ಕಟ್ಟುತ್ತದೆ.

ಮತ್ತೆ 1974ರ ಮೇಲೆ ಹಕ್ಕು ಬಂದದ್ದು ಮನೆ ಯಜಮಾನನ ಹೆಸರಿಗೆ. ಹೆಂಗಸಿನ ಹೆಸರು ಆ ಕಾಗದದಲ್ಲೂ ಅಪರೂಪ.

ಸುಮ್ನೆ ಓದುವವ

ಇಲ್ಲಿ ಬರೆಯಬಾರದು ಅಂದುಕೊಂಡಿದ್ದೆ. ಆದರೂ ಒಂದು ಮಾತು. ರೈತ ಸಂಘದವರು ತಮಗೆ ಬೇಕಾದ ಕಾಗೋಡು ಹೇಳುತ್ತಾರೆ, ದಲಿತ ಸಂಘಟನೆಯವರು ಅವರದ್ದು, ಮಹಿಳಾ ಸಂಘಟನೆಯವರು ಅವರದ್ದು. ಜಾತಿ ಸಂಘದವರು ಇದು ನಮ್ಮ ಜಾತಿಯ ಹೋರಾಟ ಅನ್ನುತ್ತಾರೆ. ಎಲ್ಲರೂ ಎಳೆದರೆ ಇತಿಹಾಸ ಅಂತ ಉಳಿಯುವುದು ಏನು? ಅದು ಆದದ್ದು ಆದ ಹಾಗೆ ಇರಬೇಕಲ್ವಾ?

ಹಳೇ ಮೇಷ್ಟ್ರು

ಸರಿಯಾದ ಭಯವೇ. ನಾನು ಎಳೆದುಕೊಂಡ ಗೆರೆ ಇಷ್ಟು. ಹಳೇ ಘಟನೆಗೆ ಹೊಸ ಪ್ರಶ್ನೆ ಕೇಳಬಹುದು, ಹೊಸ ಉತ್ತರವನ್ನು ಅದರ ಬಾಯಿಗೆ ತುರುಕಬಾರದು. "1951ರಲ್ಲಿ ಕೂಲಿಯವರ ಮಾತು ಯಾಕೆ ಬರಲಿಲ್ಲ?" ಅಂತ ಕೇಳುವುದು ಇತಿಹಾಸವೇ. "ಕಾಗೋಡಿನವರು ಕೂಲಿಯವರಿಗಾಗಿಯೂ ಹೋರಾಡಿದರು" ಅಂತ ಬರೆದರೆ ಅದು ಸುಳ್ಳು. ಲೋಹಿಯಾ ಬಂದದ್ದು ಜೂನ್‌ನಲ್ಲಿ. ಅವರೇ ಹೋರಾಟ ಹುಟ್ಟುಹಾಕಿದರು ಅಂತ ಕೆಲವರು ಭಾಷಣದಲ್ಲಿ ಹೇಳುವುದನ್ನು ಕೇಳಿದ್ದೇನೆ. ಏಪ್ರಿಲ್ ಮುಗಿದ ಮೇಲೆ ಜೂನ್ ಬರುತ್ತದೆ, ಅದನ್ನು ತಿರುಗಿಸಲು ಯಾರಿಗೂ ಹಕ್ಕಿಲ್ಲ. ಗಣಪತಿಯಪ್ಪನವರು 2014ರವರೆಗೆ ನಮ್ಮ ಮಧ್ಯೆಯೇ ಇದ್ದರು. ಅವರ ಹೆಸರನ್ನು ಮೂರನೇ ಸಾಲಿಗೆ ತಳ್ಳಿದ್ದು ನಮ್ಮ ಕಾಲದವರು ಮಾಡಿದ ಅನ್ಯಾಯ.

ಜಾತಿಯ ಮಾತು. ದೀವರ ಹೋರಾಟ ಅಂದರೆ ತಪ್ಪೇನೂ ಇಲ್ಲ, ಗದ್ದೆಗೆ ಇಳಿದವರಲ್ಲಿ ಜಾಸ್ತಿ ಅವರೇ. ದೀವರದ್ದು ಮಾತ್ರ ಅಂದರೆ, ಹೊರಗಿನಿಂದ ಬಂದು ಜೈಲು ಕಂಡವರನ್ನು ಅಳಿಸಿದ ಹಾಗಾಗುತ್ತದೆ.

ಹಿನ್ನೀರು

ಇಷ್ಟು ಹೊತ್ತು ಯಾರೂ ನಮ್ಮನ್ನು ನೆನೆಯಲಿಲ್ಲ. ಬೇಸರವಿಲ್ಲ, ರೂಢಿಯಾಗಿದೆ.

1964ರಲ್ಲಿ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ತುಂಬಿತು. ಅದಕ್ಕೂ ಮುಂಚೆ ಹಿರೇಭಾಸ್ಕರ ಅಣೆಕಟ್ಟು. ನಮ್ಮ ಅಜ್ಜನ ಮನೆ, ಗದ್ದೆ ಈಗ ನೀರಿನ ಅಡಿ. ಲಾರಿಯಲ್ಲಿ ತುಂಬಿ ತಂದು ಕಾಡಿನಲ್ಲಿ ಇಳಿಸಿದರು. ಅಲ್ಲಿ ಮರ ಕಡಿದು ಗದ್ದೆ ಮಾಡಿಕೊಂಡರು. ಅರವತ್ತು ವರ್ಷ ಆಯಿತು, ಇನ್ನೂ ಹಕ್ಕುಪತ್ರ ಇಲ್ಲ. ದಾಖಲೆಯಲ್ಲಿ ಅರಣ್ಯ, ನಾವು ಒತ್ತುವರಿದಾರರು. 1974ರಲ್ಲಿ ಉಳಿದವರು ಗೇಣಿ ಗದ್ದೆಗೆ ಅರ್ಜಿ ಹಾಕಿದರು. ನಮ್ಮ ಗದ್ದೆ ನೀರಿನಲ್ಲಿತ್ತು, ಯಾವುದಕ್ಕೆ ಹಾಕುವುದು?

ಬಗರ್ ಹುಕುಂ, ಅಂದರೆ ಅಪ್ಪಣೆ ಇಲ್ಲದೆ ಸಾಗುವಳಿ ಮಾಡಿದ ಸರ್ಕಾರಿ ಜಮೀನಿನ ಹಕ್ಕಿಗಾಗಿ ಧರಣಿ ಕೂತಾಗೆಲ್ಲ ನಾವೂ ಕಾಗೋಡಿನ ಹೆಸರು ಹೇಳುತ್ತೇವೆ. ಯಾಕೆ ಅಂತ ಒಬ್ಬ ಪತ್ರಕರ್ತರು ಕೇಳಿದರು. ಅದು ನಮಗೆ ಗೊತ್ತಿರುವ ಹತ್ತಿರದ ಗೆಲುವು, ಅದಕ್ಕೆ ಅಂದೆ. ಮೇಷ್ಟ್ರು ಅದು 23 ವರ್ಷ ಸೋತ ಹೋರಾಟವಾಗಿತ್ತು ಅಂತ ಬರೆದದ್ದನ್ನು ಇವತ್ತು ಮೊದಲ ಸಲ ಓದಿದೆ. ನಿಜ ಹೇಳಲಾ? ಗೆಲುವಿನ ಕಥೆಗಿಂತ ಇದು ನಮಗೆ ಜಾಸ್ತಿ ಬೇಕಾಗಿತ್ತು. ನಾಟಕದಲ್ಲಿ ಆ 23 ವರ್ಷ ಬಿಡಬೇಡಿ.

ಹಸಿರು ಟವೆಲ್

ನೀಲಿ ಶಾಯಿ ಅವರು ಕೇಳಿದ್ದಕ್ಕೆ ಎರಡು ದಿನದಿಂದ ಉತ್ತರ ಹುಡುಕುತ್ತಿದ್ದೇನೆ. ನಮ್ಮ ಸಭೆಗಳಲ್ಲಿ ಕೂಲಿಯ ಮಾತು ಬಂದಾಗ "ಮೊದಲು ಬೆಳೆಗೆ ಬೆಲೆ ಸಿಗಲಿ, ಆಮೇಲೆ ಕೂಲಿ ತಾನಾಗೇ ಜಾಸ್ತಿ ಆಗುತ್ತದೆ" ಅನ್ನುತ್ತಿದ್ದೆವು. ನಾನೂ ಅಂದಿದ್ದೇನೆ. ಈಗ ಬರೆದು ನೋಡಿದರೆ ಒಡೆಯರು ಒಕ್ಕಲಿಗೆ ಹೇಳುತ್ತಿದ್ದ ಮಾತಿನ ಹಾಗೇ ಕೇಳುತ್ತದೆ. 2020ರಲ್ಲಿ ಭೂ ಸುಧಾರಣೆ ಕಾಯ್ದೆಯ 79ಎ, 79ಬಿ ಕಲಂ ತೆಗೆದು ಯಾರು ಬೇಕಾದರೂ ಕೃಷಿ ಭೂಮಿ ಕೊಳ್ಳಬಹುದು ಎಂದಾಗ ರೈತರು, ದಲಿತರು, ಕಾರ್ಮಿಕರು ಒಟ್ಟಿಗೆ ಬೀದಿಗೆ ಬಂದೆವು. ಆ ಒಟ್ಟಿಗೆ ಬಂದದ್ದು ಇಪ್ಪತ್ತು ವರ್ಷ ಮುಂಚೆಯೇ ಆಗಬೇಕಿತ್ತು.

ನೀಲಿ ಶಾಯಿ

ಧನ್ಯವಾದ ಸರ್. ಹೀಗೆ ಒಪ್ಪಿಕೊಂಡು ಬರೆಯುವವರು ಕಡಿಮೆ.

ಕಣದ ಧೂಳು

ಎಲ್ಲರಿಗೂ ಕೈ ಮುಗಿಯುತ್ತೇನೆ. ಇದನ್ನೆಲ್ಲ ಪ್ರಿಂಟ್ ತೆಗೆದು ನಾವು ಏಳೂ ಜನ ಭಾನುವಾರ ಕೂತು ಓದಿದೆವು. ಜಗಳ ಪೂರ್ತಿ ಮುಗಿದಿಲ್ಲ, ಆದರೆ ಮೂರು ವಿಷಯಕ್ಕೆ ಒಪ್ಪಿದ್ದೇವೆ. ಲೋಹಿಯಾ ಬರುತ್ತಾರೆ, ಜೂನ್‌ನಲ್ಲೇ ಬರುತ್ತಾರೆ. ಮಧ್ಯದ 23 ವರ್ಷಕ್ಕೆ ಮಾತಿಲ್ಲದ ಒಂದು ದೃಶ್ಯ ಇದೆ, ಅದರಲ್ಲಿ ನೀರು ಏರುತ್ತದೆ. ಮತ್ತೆ ಟ್ರಿಬ್ಯುನಲ್ ದೃಶ್ಯದಲ್ಲಿ ಗೇಣಿದಾರನ ಹೆಸರು ಕೂಗಿದಾಗ, ಹಿಂದೆ ನೇಗಿಲು ಹಿಡಿದು ನಿಂತ ಇನ್ನೊಬ್ಬನ ಹೆಸರನ್ನು ಯಾರೂ ಕೂಗುವುದಿಲ್ಲ. ಆತ ಕೊನೆಯವರೆಗೂ ಅಲ್ಲೇ ನಿಂತಿರುತ್ತಾನೆ.

ಹಸೆ ಗೋಡೆ ಅಕ್ಕ ಹೇಳಿದ ಹಾಗೆ ನಿನ್ನೆ ಊರಿಗೆ ಹೋಗಿ ಅಜ್ಜಿಯನ್ನು ಕೂರಿಸಿ ಕೇಳಿದೆ. ಒಲೆಯ ಮಾತು ಕೇಳಿದ್ದಕ್ಕೆ ಮೊದಲು ನಕ್ಕಳು. ಆಮೇಲೆ ಅವರಮ್ಮ ಕೆಸವಿನ ಗಡ್ಡೆ, ಹಲಸಿನ ಬೀಜ ಬೇಯಿಸಿ ದಿನ ದೂಡಿದ್ದನ್ನು ಹೇಳಿದಳು. ಒಂದೂ ಕಾಲು ಗಂಟೆ ರೆಕಾರ್ಡ್ ಆಯಿತು.

ಕೊಳಗ ಹಿಡಿದು ಅಳೆಯುವುದು ಹೇಗೆ ಅಂತ ತೋರಿಸು ಅಂದೆ. ನಡುಮನೆಯಲ್ಲಿ ಭತ್ತ ಸುರಿದುಕೊಂಡು ಕೂತಳು. ನಮ್ಮಲ್ಲಿ ಅಳೆಯುವಾಗ ಮೊದಲನೆಯದಕ್ಕೆ 'ಒಂದು' ಅನ್ನುವುದಿಲ್ಲ, 'ಲಾಭ' ಅನ್ನುತ್ತಾರೆ, ನಿಮಗೆಲ್ಲ ಗೊತ್ತೇ ಇದೆ. ಅಜ್ಜಿ ಕೊಳಗ ತುಂಬಿದಳು. "ಲಾಭ" ಅಂದಳು. ಕೈ ಅಲ್ಲೇ ನಿಂತಿತು. "ಒಡೇರ ಕಣದಾಗೂ ನಮ್ಮಪ್ಪನೇ ಎಣಿಸ್ತಿದ್ದ. ಲಾಭ ಅಂತ ನಮ್ಮಪ್ಪನ ಬಾಯಾಗೇ ಹೇಳಸ್ತಿದ್ರು" ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ಅಂಗೈಯಲ್ಲಿ ಕೊಳಗದ ತಲೆ ಸವರಿ ಸಮ ಮಾಡಿ, ಎರಡು, ಮೂರು ಅಂತ ಮುಂದುವರಿಸಿದಳು.

ನಾಟಕ ಆ ದನಿಯಿಂದ ಶುರುವಾಗುತ್ತದೆ. ಏಪ್ರಿಲ್ 18, ಸಂಜೆ 5ಕ್ಕೆ, ಸಾಗರದಲ್ಲಿ. ನೀಲಿ ಶಾಯಿ ಅವರೇ, ರಜೆ ಹಾಕಿ.